ಮಂಜಿನೊಳಗಿನ ಮಗು

ನೂರ್ ಮುಹಮ್ಮದ್ ಸಾಹೇಬರ ಮನೆಯಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ ಕಿತ್ತವರಿಲ್ಲ. ಫಳ್ನೀರಿನ ಆ ಫ್ಲ್ಯಾಟಿನಲ್ಲಿ ಫ್ರಿಜ್ಜು, ರಿಮೋಟು, ಸೋಫಾ ಎಲ್ಲವೂ ಅಂಗಡಿಯ ಹೊದಿಕೆಯಲ್ಲೇ ಹಳತಾಗುತ್ತಿದ್ದವು. ಕೂತರೆ ಸೋಫಾ ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು.

ಅದರ ತುದಿಯಲ್ಲಿ ಈಗ ಎಡ್ವಿನ್ ಮಾಸ್ಟ್ರು ಕೂತಿದ್ದರು. ಇದ್ದ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡನ್ನೇ ತೆಗೆದುಹಾಕಿದ ಮೇಲೆ ಅವರಿಗೆ ಕೆಲಸವಿರಲಿಲ್ಲ. ಸಾಹೇಬರು ಸುರತ್ಕಲ್‌ನಲ್ಲಿ ಹೊಸ ಶಾಲೆ ತೆರೆಯುವವರಿದ್ದರು.

“ಮಗ ದುಬೈಯಿಂದ ಕಳಿಸಿದ್ದು. ಫ್ರಾನ್ಸಿನ ಇಂಪ್ರೆಶನಿಸ್ಟ್ ಚಿತ್ರದ ಪ್ರಿಂಟ್ ಅಂತೆ,” ಎಂದು ಸಾಹೇಬರು ಗೋಡೆ ತೋರಿಸಿದರು. “ಒಂದು ಮಗು ಉಂಟು. ಉಳಿದದ್ದು ಎಂತ ಅಂತ ಗೊತ್ತಾಗುವುದಿಲ್ಲ. ನೀವು ಅರ್ಥ ಮಾಡಿಸಿ ಮಾಸ್ಟ್ರೇ, ಡ್ರಾಯಿಂಗ್ ಕೆಲಸ ನಿಮಗೇ.”

ಇಂಥ ಚಿತ್ರಗಳನ್ನು ಎಡ್ವಿನ್ ನೋಡಿದ್ದು ಪುಸ್ತಕದಲ್ಲಿ, ಅಂಚೆಚೀಟಿಯಷ್ಟು ಅಗಲಕ್ಕೆ. ಮಸುಕಾದ ಮಗುವನ್ನು ದಿಟ್ಟಿಸಿ ಧೈರ್ಯ ಮಾಡಿದರು.

“ಮಂಜು ನೋಡಿ ಸಾಹೇಬ್ರೇ! ಮಗುವಿನ ಮುಖ ಸರಿ ಕಾಣುವುದಿಲ್ಲ, ಯಾಕೆ? ಬಾಲ್ಯ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಈ ಚಿತ್ರದ ಜೀವ ಉಂಟಲ್ಲಾ, ಅದು ಮಂಜಿನಲ್ಲಿ.”

“ಯಾ ಅಲ್ಲಾಹ್!” ಸಾಹೇಬರ ಹೆಂಡತಿ ಹಬೀಬಾ ಕೈಯಲ್ಲಿದ್ದ ಚಹಾ ಮರೆತು ಎದುರು ಮನೆಯ ನಾಝಿಮಾರನ್ನು ಕರೆದರು. ನಾಝಿಮಾ ಮೇಲಿನ ಮಹಡಿಯ ಡಾಲಿಬಾಯಿಯನ್ನು ಎಳೆದುತಂದರು. “ನನ್ನ ಬಾಲ್ಯವೂ ಹೀಗೇ ಮಾರಾಯ್ರೇ,” ಎಂದು ಡಾಲಿಬಾಯಿ ಕಣ್ಣೊರೆಸಿಕೊಂಡರು. ಒಬ್ಬೊಬ್ಬರು ಬಂದ ಹಾಗೆಲ್ಲ ಎಡ್ವಿನ್‌ರ ಮಂಜು ದಟ್ಟವಾಗುತ್ತ ಹೋಯಿತು. ಹುರುಪಿನಲ್ಲಿ ಅವರು ಚಿತ್ರದ ಮೂಲೆಗೆ ಬೆರಳಿಟ್ಟರು. ಉಗುರಿಗೆ ಏನೋ ಸಿಕ್ಕಿ, ಪರ್ರೆಂದು ಇಡೀ ಮಂಜೇ ಕೈಗೆ ಬಂತು.

“ಅಯ್ಯೋ, ಹೊಸತರ ಪ್ಲಾಸ್ಟಿಕ್ ಕಿತ್ತುಬಿಟ್ರಲ್ಲಾ!” ಹಬೀಬಾ ಕಿರುಚಿದರು.

ಎಡ್ವಿನ್‌ಗೆ ಅದು ಕೇಳಿಸಲಿಲ್ಲ. ಎದುರಿಗೆ ಬಿಸಿಲಿತ್ತು. ಎಲೆಗಳ ಸಂದಿಯಿಂದ ಮಗುವಿನ ಕೆನ್ನೆಗೆ ಬಿದ್ದ ತುಂಡು ತುಂಡು ಬಿಸಿಲು. ಹತ್ತಿರದಿಂದ ಬರೀ ಬಣ್ಣದ ಮುದ್ದೆ. ಹಿಂದೆ ಸರಿದರೆ ಮಗು ಈಗಷ್ಟೇ ಇತ್ತ ತಿರುಗಿ ನಕ್ಕಂತಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಮಾವಿನಹಣ್ಣು ಬರೆಸಿದ ತನಗೆ ಬಣ್ಣವೆಂದರೇನೆಂದು ಇವತ್ತೇ ತಿಳಿಯಿತು ಅನ್ನಿಸಿತು.

“ಈಗ ಇದರ ಅರ್ಥ ಎಂತ ಮಾಸ್ಟ್ರೇ?” ಸಾಹೇಬರು ಕೇಳಿದರು.

ಎಡ್ವಿನ್ ಚಿತ್ರದ ಹತ್ತಿರ ಹೋದರು, ಮತ್ತೆ ಹಿಂದೆ ಸರಿದರು. ನೋಡುತ್ತಲೇ ಇದ್ದರು.

ಸಾಹೇಬರು ನಿಟ್ಟುಸಿರಿಟ್ಟರು. “ಸರಿ ಕಾಣದೆ ಇದ್ದಾಗ ಅಷ್ಟು ಮಾತಾಡಿದ್ರಿ. ಸರಿ ಕಂಡ ಮೇಲೆ ನಿಮ್ಗೂ ಗೊತ್ತಾಗ್ಲಿಲ್ಲ. ಇನ್ನು ಮಕ್ಕಳಿಗೆ ಎಂತ ಕಲಿಸ್ತೀರಿ?”

“ಕೆಲಸ ಬೇಡ ಸಾಹೇಬ್ರೇ,” ಎಡ್ವಿನ್ ಅಂಗಲಾಚಿದರು. “ಚಿತ್ರ ಮಾತ್ರ ಹೀಗೇ ಇರ್ಲಿ.”

“ಅದು ಹೇಗಾಗ್ತದೆ? ಜೀವ ಮಂಜಿನಲ್ಲಿ ಉಂಟು ಅಂತ ನೀವೇ ಹೇಳಿದ್ದಲ್ವಾ?” ಎನ್ನುತ್ತ ಹಬೀಬಾ ಎಡ್ವಿನ್‌ರ ಕೈಯಿಂದ ಪ್ಲಾಸ್ಟಿಕ್ ಬಿಡಿಸಿಕೊಂಡು, ಗುಳ್ಳೆ ಏಳದಂತೆ ಸವರಿ ಸವರಿ ಚಿತ್ರಕ್ಕೆ ಮತ್ತೆ ಅಂಟಿಸಿದರು.