ಅಪ್ಪಯ್ಯನ ವಾಯಿದೆ

ಶಾಮರಾಯ ಐತಾಳರ ಗ್ರಹಚಾರಕ್ಕೆ ಕಾರಣವಾದದ್ದು ಒಂದು ಒಳ್ಳೆಯ ಸಲಹೆ. ಕೆಟ್ಟ ಸಲಹೆಯಾಗಿದ್ದರೆ ಕೊಟ್ಟವರನ್ನು ಬೈದಾದರೂ ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಸಲಹೆ ಕೊಟ್ಟವರು ಪೇಟೆಯ ಡಾಕ್ಟರು. ಶಾಮರಾಯರ ತಂದೆ ವೈಕುಂಠ ಐತಾಳರಿಗೆ ಎಪ್ಪತ್ತೆಂಟು ವರ್ಷ. ಎರಡು ವರ್ಷಗಳಿಂದ ಮರೆವು ಅವರನ್ನು ಗೆದ್ದಲಿನ ಹಾಗೆ ಒಳಗಿನಿಂದ ತಿನ್ನುತ್ತಿತ್ತು. ಉಂಡದ್ದು ಮರೆಯಿತು, ಹೆಂಡತಿ ತೀರಿಕೊಂಡದ್ದು ಮರೆಯಿತು, ಕೊನೆಗೆ ಇದ್ದೊಬ್ಬ ಮಗನೂ ಮರೆತುಹೋದ. "ಇದಕ್ಕೆ ಮದ್ದಿಲ್ಲ. ಮಲಗಿಸಿಬಿಟ್ಟರೆ ಇನ್ನೂ ಬೇಗ ಮಂಕಾಗುತ್ತಾರೆ. ದಿನಾ ಎರಡು ಮೈಲಿ ನಡೆಸಿ," ಅಂದರು ಡಾಕ್ಟರು.

ಹೇಳುವುದು ಸುಲಭ. ಮುದುಕರು ಏಳಬೇಕಲ್ಲ. "ಸುಮ್ನೆ ನೆಡುಕೆ ನಾನೆಂತ ಬೀದಿ ನಾಯಿಯಾ?" ಎಂದು ಕೇಳಿ ಮಗ್ಗುಲು ಬದಲಿಸುತ್ತಿದ್ದರು. ಮಾತಿನಲ್ಲಿ ನ್ಯಾಯವಿತ್ತು. ಆ ಕಾಲದ ಬೀಜಾಡಿಯಲ್ಲಿ ಕೆಲಸವಿಲ್ಲದೆ ನಡೆಯುವವರನ್ನು ಯಾರೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಶಾಮರಾಯರು ರೇಗಿ, "ಏಳಿ ಅಪ್ಪಯ್ಯ, ಇವತ್ತ್ ಕೋರ್ಟಂಗೆ ವಾಯಿದೆ ಇತ್ತ್," ಎಂದುಬಿಟ್ಟರು. ಮುದುಕರು ಎದ್ದು ಕೂತರು. "ಕೋಟ್ ಎಲ್ಲಿ?" ಎಂದರು.

ಪಕ್ಕದ ಗದ್ದೆಯ ಗೋವರ್ಧನ ಮಯ್ಯರ ಮೇಲೆ ಅವರು ತೋಡಿನ ನೀರಿಗಾಗಿ ಹನ್ನೊಂದು ವರ್ಷ ವ್ಯಾಜ್ಯ ನಡೆಸಿದವರು. ಅದು ರಾಜಿಯಾಗಿ ಹದಿನಾಲ್ಕು ವರ್ಷ ಕಳೆದಿತ್ತು. ರಾಜಿ ಮರೆತಿತ್ತು, ವ್ಯಾಜ್ಯ ನೆನಪಿತ್ತು.

ಅಂದಿನಿಂದ ದಿನವೂ ವಾಯಿದೆ. ಕರಿ ಕೋಟು, ಕೊಡೆ, ಕೆಂಪು ವಸ್ತ್ರದಲ್ಲಿ ಕಟ್ಟಿದ ಕಾಗದದ ಕಟ್ಟು. ಕಟ್ಟಿನೊಳಗೆ ಇದ್ದದ್ದು ಹಳೆಯ ಪಂಚಾಂಗಗಳು. ಅಪ್ಪ ಮಗ ಇಬ್ಬರೂ ಕೋಟೇಶ್ವರದ ರಾಜೀವ ಶೆಟ್ಟಿಯ ಹೋಟೆಲಿನ ತನಕ ನಡೆಯುವುದು, ಅಲ್ಲಿ ರಾಜೀವ, ಮೊದಲೇ ಒಪ್ಪಿಕೊಂಡ ಪ್ರಕಾರ, "ಐತಾಳ್ರೆ, ಜಡ್ಜ್‌ರಿಗೆ ಜ್ವರ ಅಂಬ್ರ್. ವಾಯಿದೆ ಮುಂದ್ ಹೋಯ್ತ್," ಎನ್ನುವುದು. ವೈಕುಂಠ ಐತಾಳರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹನ್ನೊಂದು ವರ್ಷ ಅವರು ಕೇಳಿದ್ದು ಅದನ್ನೇ. ಚಾ ಕುಡಿದು ಸಂತೋಷವಾಗಿ ಮನೆಗೆ ತಿರುಗುತ್ತಿದ್ದರು.

ನಡೆದ ದಿನ ಅವರು ತಮ್ಮ ಕೈಯಲ್ಲೇ ಉಣ್ಣುತ್ತಿದ್ದರು. ಕೈ ತೊಳೆಯಲು ಏಳುವಾಗ ಮಗನ ಮುಖ ನೋಡಿ, "ಶಾಮ, ಉಂಡ್ಯಾ?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಶಾಮರಾಯರು ಕಾಶಿಯವರೆಗೂ ನಡೆದಾರು. ನಡೆಯದ ದಿನ ಮಾತ್ರ, "ನೀವ್ ಯಾರ್?" ಎಂಬ ಪ್ರಶ್ನೆ.

ಗುಟ್ಟು ಗೊತ್ತಿದ್ದದ್ದು ಹೆಂಡತಿ ಪದ್ಮಾಕ್ಷಿಗೆ ಮತ್ತು ರಾಜೀವನಿಗೆ ಮಾತ್ರ. ಹೆತ್ತ ತಂದೆಗೆ ಅರಳುಮರಳು ಎಂದು ಊರಿಗೆಲ್ಲ ಸಾರಲು ಶಾಮರಾಯರಿಗೆ ಮನಸ್ಸು ಬಂದಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹೋದವರ ಹಣೆಬರಹವೇ ಇಷ್ಟು.

ಮೂರು ತಿಂಗಳು ಹೀಗೆ ನಡೆಯಿತು. ಆ ದಿನ ಹೊರಟಾಗ ಆಚೆಮನೆಯ ಸುಗುಣಮ್ಮ ಬೇಲಿಯ ಹತ್ತಿರ ಕಾದಿದ್ದರು.

"ಹ್ವಾಯ್ ಶಾಮಣ್ಣ, ಕೇಸ್ ಎಲ್ಲಿಗ್ ಬಂತ್? ಮಯ್ಯರಿಗೆ ಉಂಡದ್ದ್ ಮೈಗ್ ಹಿಡಿತಿಲ್ಲೆ ಅಂಬ್ರ್."

ಪಕ್ಕದಲ್ಲಿ ಅಪ್ಪಯ್ಯ. ಶಾಮರಾಯರು ಏನು ಹೇಳಿಯಾರು? "ನಡಿತಾ ಇತ್ತ್," ಎಂದರು.

"ಈ ಸರ್ತಿ ಅವನ್ನ ಬಿಡುದಿಲ್ಲೆ," ಎಂದು ಅಪ್ಪಯ್ಯ ಸೇರಿಸಿದರು. ಸುಗುಣಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಇನ್ನೊಂದು ಬೇಲಿಯ ಕಡೆ ಓಡಿದರು.

ದಾರಿಯಲ್ಲಿ ತೆಂಗಿನಕಾಯಿ ಹೊತ್ತ ಕೆಲಸದಾಳು ಗುಡ್ಡ ಎದುರಾದ. "ಒಡ್ಯಾ, ಆನೆಗುಡ್ಡೆ ಗಣಪತಿಗೆ ಒಂದ್ ಹರಕೆ ಹೇಳ್ಕಣಿ. ಮಯ್ಯರೂ ಹೇಳ್ಕಂಡಿರ್ ಅಂಬ್ರ್," ಎಂದು ಬಿಟ್ಟಿ ಸಲಹೆ ಕೊಟ್ಟು ಹೋದ. ಮಯ್ಯರಿಗೇಕೆ ಹರಕೆ ಎಂದು ಶಾಮರಾಯರು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹೋಟೆಲಿನಲ್ಲಿ ರಾಜೀವ ಇರಲಿಲ್ಲ, ಕುಂಭಾಶಿಗೆ ಹೋಗಿದ್ದ. ಗಲ್ಲಾದಲ್ಲಿ ಕೂತಿದ್ದವನು ಅವನ ಭಾವ ಕಿಟ್ಟ. ಶಾಮರಾಯರು ಕಣ್ಣು ಹೊಡೆದರು. ಕಣ್ಣಿಗೆ ಕಸ ಬಿದ್ದಿದೆಯೆಂದು ಕಿಟ್ಟ ಒಂದು ಚೆಂಬು ನೀರು ತಂದ.

"ವಾಯಿದೆ ಮುಂದ್ ಹೋಯ್ತ್ ಅಲ್ದಾ?" ಎಂದರು ಶಾಮರಾಯರು, ಪಾಠ ಹೇಳಿಕೊಡುವವರಂತೆ.

"ಎಂತಕ್ಕ್ ಮುಂದ್ ಹೋಪ್ದ್? ಕೋರ್ಟಿನ ಅಮೀನರೇ ಇಲ್ಲ್ ಕೂಕಂಡ್ ಬನ್ಸ್ ತಿಂತಾ ಇದ್ರ್. ಅವ್ರನ್ನೇ ಕೇಣಿ."

ಮೂಲೆಯ ಬೆಂಚಿನಲ್ಲಿ ಅಮೀನರು ಕೈ ಒರೆಸಿಕೊಂಡು ಎದ್ದರು. ಅವರ ಪಕ್ಕದಲ್ಲಿ, ಆಸಾಮಿಯನ್ನು ಗುರುತು ಹಿಡಿದು ತೋರಿಸಲು ಬಂದಿದ್ದವರು ಸಾಕ್ಷಾತ್ ಗೋವರ್ಧನ ಮಯ್ಯರು.

"ನಾಕ್ ಸರ್ತಿ ನಿಮ್ಮನಿಗ್ ಬಂದೆ ಮಾರಾಯ್ರೆ," ಎಂದರು ಅಮೀನರು. "ಬಾಗ್ಲಿಗ್ ಬಪ್ಪುಕ್ ಮೊದ್ಲೇ ಆಚೆಮನಿ ಅಮ್ಮ ಬೇಲಿಯಿಂದ್ಲೇ ‘ಅವ್ರ್ ಕೋರ್ಟಿಗ್ ಹೋಯಿರ್’ ಅಂತ್ರ್. ಕೋರ್ಟಿಗ್ ಹೋಯಿ ಕಂಡ್ರೆ ನೀವ್ ಅಲ್ಲೂ ಇಲ್ಲೆ." ಸಮನ್ಸು ಶಾಮರಾಯರ ಕೈಗೆ ಬಂತು.

"ಮೂರ್ ತಿಂಗ್ಳಿಂದ ದಿನಾ ಕಟ್ಟ್ ಹಿಡ್ಕಂಡ್ ಹೋತ್ರಿ," ಎಂದರು ಮಯ್ಯರು. "ತೋಡ್ ಕೈಬಿಟ್ಟ್ ಹೋಪಲ್ಲಿವರಿಗೆ ನಾ ಬಾಯ್ ಮುಚ್ಕಂಡ್ ಕೂಕಣ್ಕಾ? ಅದ್ಕೆ ನಾನೇ ಮೊದ್ಲ್ ಕೇಸ್ ಹಾಕ್ದೆ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಶಾಮರಾಯರು ಕೆಂಪು ವಸ್ತ್ರ ಬಿಚ್ಚಿ ಪಂಚಾಂಗಗಳನ್ನು ಮೇಜಿನ ಮೇಲೆ ಹರಡಿದರು. "ಕೇಸೂ ಇಲ್ಲೆ, ಎಂತದೂ ಇಲ್ಲೆ ಮಯ್ಯರೆ. ಅಪ್ಪಯ್ಯಂಗೆ ಮರೆವು. ನಾನ್ ಯಾರ್ ಅಂತ್ಲೇ ಗೊತ್ತಾತಿಲ್ಲೆ. ಡಾಕ್ಟ್ರ್ ನೆಡ್ಸುಕ್ ಹೇಳಿರ್. ಇದ್ ಬರೀ ಕಸರತ್ತ್."

ಎಲ್ಲರೂ ವೈಕುಂಠ ಐತಾಳರ ಕಡೆ ತಿರುಗಿದರು. ಅವರು ಮಯ್ಯರನ್ನೇ ನೋಡುತ್ತಿದ್ದರು. ಹಣೆಯ ಗಂಟು ನಿಧಾನವಾಗಿ ಸಡಿಲಿತು.

"ಗೋವರ್ಧನನಾ? ಎಂತ ಮಾರಾಯ, ಸೊರ್ಗಿ ಹೋಯ್ದೆ," ಎಂದರು. "ನಮ್ಮ್ ಕೇಸ್ ರಾಜಿ ಆಯ್ತಲೆ. ತೋಡಿನ ನೀರ್ ಒಂದಿನ ನಿಂಗ್, ಒಂದಿನ ನಂಗ್. ಇದೇ ಬೆಂಚಿನ್ ಮೇಲ್ ಕೂಕಂಡ್ ಸಹಿ ಹಾಕದ್ದ್. ರಾಜೀವನ ಅಪ್ಪ ಚಾ ಕೊಟ್ಟದ್ದ್, ಅದ್ರಂಗೆ ಸಕ್ರಿ ಇರ್ಲಿಲ್ಲೆ. ಮತ್ತೆಂತಕ್ಕ್ ಕೇಸ್?"

ದೋಸೆ ಮಗುಚುತ್ತಿದ್ದವನು ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದ.

"ಇವ್ರಿಗಾ ಮರೆವು? ನಂಗಿಂತ ಲಾಯ್ಕ್ ನೆನ್ಪಿತ್ತ್," ಎಂದರು ಅಮೀನರು.

"ದೇವ್ರಂಥ ಅಪ್ಪನಿಗ್ ಮರ್ಲ್ ಅಂತ ಹೆಸ್ರ್ ಕಟ್ಟಿ, ಬಿಸ್ಲಂಗೆ ನೆಡ್ಸಿ, ಮುಗ್ದ ಕೇಸ್ ಎಬ್ಬಿಸುಕ್ ಹೊರ್ಟಿರಲೆ," ಎಂದರು ಮಯ್ಯರು. ಕಿಟ್ಟ ತಲೆಯಾಡಿಸಿದ. ಅಪ್ಪಯ್ಯನೂ ಎಲ್ಲರ ಜೊತೆ ತಲೆಯಾಡಿಸಿದರು. ಶಾಮರಾಯರು ಸಮನ್ಸಿಗೆ ರುಜು ಹಾಕಿದರು.

ಹೋಟೆಲಿನಲ್ಲಿ ಮರಳಿದ ನೆನಪೆಲ್ಲ ಸಂಜೆಯೊಳಗೆ ಹೋಯಿತು. ಒಂದು ಮಾತ್ರ ಗಟ್ಟಿಯಾಗಿ ಉಳಿಯಿತು. ಮರುದಿನ ಎಬ್ಬಿಸಿದರೆ, "ಕೇಸ್ ಮುಗ್ದಿತ್ತ್," ಎಂದು ಮುದುಕರು ಗೋಡೆಯ ಕಡೆ ಹೊರಳಿದರು. ಅದರ ಮರುದಿನವೂ ಅದೇ. ಕಾಲು ಬಾತಿತು. ಪದ್ಮಾಕ್ಷಿ ತುತ್ತು ಮಾಡಿ ಉಣಿಸತೊಡಗಿದರು. "ಶಾಮ" ಎಂಬ ಹೆಸರು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಶಾಮರಾಯರದ್ದು ಮಾತ್ರ ನಡಿಗೆ ತಪ್ಪಲಿಲ್ಲ. ವಾಯಿದೆಯ ದಿನ ಬೆಳಿಗ್ಗೆ ಅಪ್ಪಯ್ಯನ ಕರಿ ಕೋಟು ತೊಟ್ಟು, ಕೊಡೆ ಹಿಡಿದು, ನಿಜವಾದ ಕಾಗದಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟಾಗ ಹಾಸಿಗೆಯಿಂದ ದನಿ ಬಂತು.

"ಹ್ವಾಯ್, ಯಾರ್ ನೀವ್? ಎಲ್ಲಿಗ್ ಹೊರ್ಟದ್ದ್?"

"ಕೋರ್ಟಿಗ್. ವಾಯಿದೆ ಇತ್ತ್."

ಮುದುಕರಿಗೆ ಕನಿಕರವಾಯಿತು. "ಬೇಡ ಮಾರಾಯ್ರೆ, ಆ ಸಹವಾಸ ನಂಗ್ ಗೊತ್ತಿತ್ತ್. ನಿಮ್ಗ್ ಅಪ್ಪಯ್ಯ ಇದ್ರೆ, ಅವ್ರ್ ಹತ್ರ ಒಂದ್ ಮಾತ್ ಕೇಂಡ್ಕಂಡ್ ಹೋಯ್ನಿ."