ನನ್ನ ಪ್ರಾಕ್ಸಿ ಪಾಡು

ನನ್ನ ಕೆಲಸದಲ್ಲಿ ಇಂಥವು ನಡೆಯದ ವಾರವೇ ಇಲ್ಲ. ಬೆಳಗ್ಗೆ ಸ್ಕೂಟಿಗೆ ಸ್ಟ್ಯಾಂಡ್ ಹಾಕೋದಕ್ಕೂ "ಮೇಡಂ, ನೆಟ್ ಹೋಗೈತೆ" ಅಂತ ಫೋನು ಬರೋದಕ್ಕೂ ಸರಿಹೋಗುತ್ತೆ. ನೆಟ್ ಎಲ್ಲಿಗೂ ಹೋಗಿರೋದಿಲ್ಲ. ಹೋಗಿರೋದು ನನ್ನ ನೆಮ್ಮದಿ.

ನಾನು ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗ. ವಿಭಾಗ ಅಂದ್ರೆ ನಾನೊಬ್ಬಳೇ. ಆಫೀಸು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಹೈಸ್ಕೂಲು ವಿನೋಬನಗರದಲ್ಲಿ, ಕಾಲೇಜು ಹರಿಹರದಲ್ಲಿ. ಅಲ್ಲಿನ ಯಾವ ಕಂಪ್ಯೂಟರೂ ಇಂಟರ್ನೆಟ್ಟಿಗೆ ನೇರ ಹೋಗೋ ಹಾಗಿಲ್ಲ. ಪ್ರಾಕ್ಸಿ ಅನ್ನೋ ಗೇಟು ದಾಟೇ ಹೋಗಬೇಕು. ಬೇಡದ ಸೈಟುಗಳನ್ನ ಆ ಗೇಟಿನಲ್ಲೇ ತಡೀಬಹುದು. ಪ್ರತಿ ಕಂಪ್ಯೂಟರಿನ ಬ್ರೌಸರಿಗೂ ಆ ಗೇಟಿನ ವಿಳಾಸ ಹೇಳಿಕೊಟ್ಟಿರಬೇಕು, ವಿಳಾಸ ತಪ್ಪಿದರೆ ನೆಟ್ ಇಲ್ಲ. ಇಷ್ಟೇ ವಿಷಯ. ಒಂದು ಕಡೆ ಕೂತು ಎಲ್ಲ ಕಂಪ್ಯೂಟರಿಗೂ ಒಮ್ಮೆಗೇ ಈ ವಿಳಾಸ ಹಾಕೋ ವ್ಯವಸ್ಥೆ ಇದೆ, ಅದನ್ನ ತರಿಸಿಕೊಡ್ರಿ ಅಂತ ಆಡಳಿತ ಮಂಡಳಿಯವರನ್ನ ಕೇಳಿದೆ. "ಅದ್ಯಾಕವ್ವಾ, ನೀನಿದ್ದೀಯಲ್ಲ" ಅಂದರು.

ಮೂರು ಚುಕ್ಕಿ

ನಮ್ಮ ಆಫೀಸಿನ ಸೂಪರಿಂಟೆಂಡೆಂಟರಿಗೆ ನಿವೃತ್ತಿ ಹತ್ತಿರ ಬಂದಿದೆ. ನನ್ನನ್ನ ಮಗಳ ಹಾಗೆ ನೋಡ್ತಾರೆ, ಕಂಪ್ಯೂಟರನ್ನ ಸೊಸೆ ಹಾಗೆ. ಒಂದಿನ ನಾನು ವಿನೋಬನಗರದ ಹೈಸ್ಕೂಲಿನಲ್ಲಿದ್ದಾಗ ಅವರ ಫೋನು.

"ಏನವ್ವಾ, ನೆಟ್ ಹೋಗೈತೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಕಳ್ಸಾಕೆ ಇವತ್ತೇ ಕಡೇ ದಿನ."

"ಗಾಬರಿ ಆಗಬ್ಯಾಡ್ರಿ ಸರ್. ಬ್ರೌಸರ್ ತೆಗೀರಿ. ಮೇಲೆ ಬಲಗಡೆ ಮೂಲೇಲಿ ಮೂರು ಚುಕ್ಕಿ ಕಾಣ್ತಾವಾ?"

"ಮೂರಾ? ಬಾಳ ಅದಾವಲ್ಲವ್ವಾ."

"ಒಂದರ ಕೆಳಗೊಂದು ಇರೋವು ಸರ್."

"ಇಲ್ಲ, ಎಲ್ಲಾ ಕಡೆ ಚೆಲ್ಲಾಡ್ಯಾವೆ. ತಡಿ, ಒರಸ್ತೀನಿ."

ಬ್ಯಾಡ್ರಿ ಸರ್ ಅನ್ನೋದರೊಳಗೆ ಫೋನು ಟೇಬಲ್ ಮೇಲಿಟ್ಟರು. ಪರದೆ ತಿಕ್ಕೋ ಕಿರ್ ಕಿರ್ ಸದ್ದು ಕೇಳಿಸ್ತು. ಆಮೇಲೆ ಏದುಸಿರು ಬಿಡುತ್ತಾ ಬಂದರು.

"ಹ್ಞೂಂ, ಈಗ ಫಳಫಳ ಅಂತೈತೆ."

"ಬ್ರೌಸರ್ ಕಾಣ್ತೈತಾ ಸರ್?"

"ಇಲ್ಲವ್ವಾ. ನನ್ನ ಮುಖ ಕಾಣ್ತೈತೆ."

ಒರೆಸೋ ಭರದಲ್ಲಿ ಮಾನಿಟರಿನ ಸ್ವಿಚ್ಚೇ ಆರಿಸಿದ್ದರು. ಸ್ಕೂಟಿ ಹತ್ತಿ ಓಡಿದೆ. ಮಾನಿಟರ್ ಹಚ್ಚಿ, ವಿಳಾಸ ಸರಿಮಾಡಿ, ಅರ್ಜಿಗಳನ್ನೆಲ್ಲ ಕಳಿಸಿ ಬೆವರು ಒರೆಸ್ಕೊಂಡೆ. ಹೊರಡುವಾಗ ಅವರು ಪರದೆಯ ಬಲ ಮೂಲೆಗೆ ಬೆರಳು ತೋರಿಸಿ ಬೇಜಾರಿನಿಂದ ಅಂದರು: "ಇನ್ನೂ ಮೂರು ಉಳ್ಕಂಡಾವೆ ನೋಡವ್ವಾ. ಎಷ್ಟು ತಿಕ್ಕಿದ್ರೂ ಹೋಗವಲ್ವು."

ಮ್ಯಾಚು ನಿಷೇಧ

ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಮಂಡಿಪೇಟೆಯ ಸಗಟು ವ್ಯಾಪಾರಿ. ಒಂದು ಮಧ್ಯಾಹ್ನ ಹೇಳದೇ ಕೇಳದೇ ಹೈಸ್ಕೂಲಿಗೆ ಬಂದರು. ಮೇಷ್ಟ್ರುಗಳೆಲ್ಲ ಒಂದೇ ಕಂಪ್ಯೂಟರನ್ನ ಮುತ್ತಿಕೊಂಡು ಕ್ರಿಕೆಟ್ ನೋಡ್ತಿದ್ದರು. ಸಂಜೆ ನನ್ನನ್ನ ಕರೆಸಿದರು.

"ಇನ್ ಮ್ಯಾಲೆ ಮ್ಯಾಚ್ ಅನ್ನೋ ಪದಾನೇ ನಮ್ಮ ಕಂಪ್ಯೂಟರಿನಾಗೆ ಕಾಣಬಾರದು."

"ಸರ್, ಕ್ರಿಕೆಟ್ ಸೈಟುಗಳನ್ನಷ್ಟೇ ತಡೀತೀನಿ. ಪದ ತಡೆದ್ರೆ ತೊಂದ್ರೆ ಆಗ್ತೈತೆ."

"ಪದ ಅಂದ್ರೆ ಪದ."

ತಡೆದೆ. ಮಾರನೇ ದಿನ ಇಂಗ್ಲಿಷ್ ಟೀಚರ್ ಅಳುದನಿಯಲ್ಲಿ ಫೋನ್ ಮಾಡಿದರು. ಹಳೇ ಪ್ರಶ್ನೆಪತ್ರಿಕೆಗಳ ಸೈಟು ತೆಗೀತಿಲ್ಲ, ನಾಳೆ ಪರೀಕ್ಷೆ. ಹೋಗಿ ನೋಡಿದರೆ ಪ್ರತಿ ಪತ್ರಿಕೆಯಲ್ಲೂ 'ಮ್ಯಾಚ್ ದಿ ಫಾಲೋಯಿಂಗ್' ಇತ್ತು. ಅವರಿಗೆ ನನ್ನ ಮೊಬೈಲಿನಲ್ಲಿ ತೆಗೆದುಕೊಟ್ಟೆ. ಕಾರ್ಯದರ್ಶಿಗಳಿಗೆ ಹೇಳೋ ಧೈರ್ಯ ಬರಲಿಲ್ಲ.

ಆ ವಾರವೇ ಅವರ ಫೋನು ಬಂತು. ನಮ್ಮ ಆಫೀಸಿನಲ್ಲೇ ಕೂತಿದ್ದರು.

"ಒಂದು ಸೈಟು ತೆಗೀವಲ್ದು. ಸಂಸ್ಥೆಯ ಆದೇಶದ ಮೇರೆಗೆ ನಿಷೇಧ ಅಂತ ಕೆಂಪಗೆ ಬರ್ತೈತೆ. ಯಾರ ಆದೇಶ?"

"ನಿಮ್ಮದೇ ಸರ್. ಯಾವ ಸೈಟು?"

ದನಿ ತಗ್ಗಿಸಿ, "ಮಗಳಿಗೆ ಗಂಡು ನೋಡ್ತಿದ್ನವ್ವಾ" ಅಂದರು.

"ಅಲ್ಲೂ ಮ್ಯಾಚ್ ಅಂತಾನೇ ಬರ್ದಿರ್ತಾರೆ ಸರ್."

"ತೆಗೆದ್ಬಿಡು, ಈಗ್ಲೇ ತೆಗೆದ್ಬಿಡು. ಅವ್ರು ಕ್ರಿಕೆಟ್ ನೋಡಿದ್ರೆ ನೋಡ್ಲಿ. ಮೊದ್ಲು ನನಗೊಬ್ಬ ಅಳಿಯ ಸಿಗ್ಲಿ."

ಇಬ್ಬರ ಪಾಳಿ

ಹರಿಹರ ಕಾಲೇಜಿನ ಕಾಮರ್ಸ್ ಮೇಷ್ಟ್ರು ಕಾಲೇಜಿನ ಲ್ಯಾಪ್‌ಟಾಪನ್ನ ದಿನಾ ಮನೆಗೆ ಒಯ್ಯುತ್ತಾರೆ. ನಮ್ಮ ಗೇಟು ಇರೋದು ಕಾಲೇಜಿನಲ್ಲಿ. ಮನೆಯಲ್ಲಿ ಪ್ರಾಕ್ಸಿ ಆಫ್ ಮಾಡಬೇಕು, ಕಾಲೇಜಿನಲ್ಲಿ ಆನ್ ಮಾಡಬೇಕು. ಹೇಳಿದ್ದೆ. ಅವರೂ ತಲೆ ಆಡಿಸಿದ್ದರು.

ಒಂದು ವಾರ ಪೂರ್ತಿ ಬೆಳಗ್ಗೆ ಬೆಳಗ್ಗೆ ಅವರ ದೂರು. ನಾನು ಸಂಸ್ಥೆಯ ಒಳಗಿನ ಲೈನಿನಲ್ಲಿ ದೂರದಿಂದಲೇ ಅವರ ಲ್ಯಾಪ್‌ಟಾಪಿನೊಳಗೆ ಹೊಕ್ಕು ನೋಡಿದರೆ ಪ್ರಾಕ್ಸಿ ಆಫ್! ಆನ್ ಮಾಡ್ತಿದ್ದೆ. ಮರುದಿನ ಮತ್ತೆ ಆಫ್. ವೈರಸ್ಸೇ ಇರಬೇಕು ಅಂತ ಹರಿಹರಕ್ಕೇ ಹೋಗಿ ಇಡೀ ಲ್ಯಾಪ್‌ಟಾಪ್ ತೊಳೆದು ಹೊಸದಾಗಿ ಎಲ್ಲಾ ತುಂಬಿದೆ. ಮರುದಿನ ಮತ್ತೆ ಆಫ್.

ಆ ಸಂಜೆ ತಡೀಲಾರದೆ ಅವರ ಮನೆಗೇ ಫೋನ್ ಮಾಡಿದೆ. "ಸರ್, ಯಾರು ಮುಟ್ತಾರ್ರಿ ಇದನ್ನ?"

"ನಾನು ಮುಟ್ಟಲ್ಲಮ್ಮಾ. ಮನ್ಯಾಗೂ ದಿನಾ ನೆಟ್ ಹೋಗ್ತೈತೆ. ಕೇಬಲ್ಲಿನವ್ರು ದಿನಾ ಬಂದು ಸರಿಮಾಡ್ತಾರೆ. ಈಗ್ಲೂ ಇಲ್ಲೇ ಅದಾರೆ, ಮಾತಾಡು."

ಕೇಬಲ್ಲಿನವರಂತೂ ನನಗಿಂತ ಕಾದು ಕೆಂಡವಾಗಿದ್ದರು. "ಮೇಡಂ, ವೈರ್ ಬದಲಿಸ್ದೆ, ಡಬ್ಬಿ ಬದಲಿಸ್ದೆ. ಕಡೀಗೆ ನೋಡಿದ್ರೆ ಎಂಥದೋ ಪ್ರಾಕ್ಸಿ ಅಂತ ಹಾಕಿದ್ರು. ದಿನಾ ಸಂಜಿ ಬಂದು ತೆಗೀತೀನಿ, ಮರುದಿನಕ್ಕೆ ಯಾವನೋ ದರಿದ್ರದೋನು ಮತ್ತೆ ಹಾಕಿರ್ತಾನ್ರಿ!"

"ದರಿದ್ರದೋನಲ್ಲಣ್ಣ," ಅಂದೆ, "ದರಿದ್ರದೋಳು."

ಸೋಮವಾರದಿಂದ ಕಡ್ಡಾಯ

ಹಳೇ ಪ್ರಾಕ್ಸಿ ಬದಲಿಸಿ ಹೊಸದು ತಂದ ಕಾಲ. ವಿಳಾಸ ಬೇರೆ ಆಗಿತ್ತು. ಎಲ್ಲ ಸಿಬ್ಬಂದಿ ತಮ್ಮ ಕಂಪ್ಯೂಟರಿನಲ್ಲಿ ಹೊಸ ವಿಳಾಸ ಹೇಗೆ ಹಾಕಬೇಕು ಅಂತ ಎರಡು ಪುಟ ಸುತ್ತೋಲೆ ಬರೆದು ಆಫೀಸಿಗೆ ಕೊಟ್ಟೆ. ಇಷ್ಟುದ್ದ ಯಾರು ಓದ್ತಾರೆ ಅಂತ ಆಫೀಸಿನವರು ಅದನ್ನ ಎರಡೇ ಸಾಲಿಗೆ ಇಳಿಸಿ, ಸೀಲು ಹೊಡೆದು ಹರಿಹರಕ್ಕೆ ಕಳಿಸಿದರು. ಅಲ್ಲಿ ಅದನ್ನ ವಿದ್ಯಾರ್ಥಿಗಳ ನೋಟಿಸ್ ಬೋರ್ಡಿಗೆ ಅಂಟಿಸಿದರು.

"ಸೋಮವಾರದಿಂದ ಕಾಲೇಜಿನಲ್ಲಿ ಎಲ್ಲರೂ ಪ್ರಾಕ್ಸಿ ಹಾಕುವುದು ಕಡ್ಡಾಯ. ಹಾಕದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಕಾಲೇಜಿನ ಮಕ್ಕಳ ಭಾಷೆಯಲ್ಲಿ ಪ್ರಾಕ್ಸಿ ಹಾಕೋದು ಅಂದ್ರೆ ಬೇರೆ. ಕ್ಲಾಸಿಗೆ ಬರದ ಗೆಳೆಯನ ಹೆಸರು ಕರೆದಾಗ ಇನ್ನೊಬ್ಬ "ಎಸ್ ಸರ್" ಅನ್ನೋದು.

ಸೋಮವಾರ ಪ್ರಾಂಶುಪಾಲರ ಫೋನು. "ಈಗಿಂದೀಗ್ಲೇ ಹರಿಹರಕ್ಕೆ ಬಾ."

ಬಸ್ ಹಿಡಿದು ಹೋದೆ. ಕ್ಲಾಸುಗಳು ಭಣಗುಟ್ಟುತ್ತಿದ್ದವು. ಹಾಜರಿ ಮಾತ್ರ ಪೂರ್ತಿ. ಒಬ್ಬ ಹುಡುಗ ಒಂದು ಇಡೀ ಬೆಂಚಿನ ಪರವಾಗಿ ದನಿ ಬದಲಿಸದೇ "ಎಸ್ ಸರ್" ಅಂದಿದ್ದನಂತೆ. ಮೇಷ್ಟ್ರು ಗದರಿದರೆ, "ನಾವೇನ್ ಮಾಡಾಣ್ರಿ ಸರ್, ಆದೇಶ ಐತೆ" ಅಂತ ಸುತ್ತೋಲೆಯ ಫೋಟೋ ತೋರಿಸಿದ್ದನಂತೆ.

ಪ್ರಾಂಶುಪಾಲರು ನನ್ನನ್ನ ನಿಲ್ಲಿಸಿಯೇ ಶುರುಮಾಡಿದರು. "ನನ್ನ ಸರ್ವಿಸ್ ಪೂರ್ತಿ ಪ್ರಾಕ್ಸಿ ನಿಲ್ಸಾಕೆ ಬಡಿದಾಡೀನಿ. ನೀನು ಸೀಲು ಹೊಡ್ಸಿ ಕಡ್ಡಾಯ ಮಾಡಿಬಿಟ್ಟಿ!"

"ಸರ್, ಇದು ಕಂಪ್ಯೂಟರಿನ ಪ್ರಾಕ್ಸಿ..."

"ಕಂಪ್ಯೂಟರಿನ ಕೈಲೂ ಎಸ್ ಸರ್ ಅನ್ನಿಸ್ತೀಯೇನು?"

ನಾನು ಬಾಯಿ ತೆರೆಯೋಷ್ಟರಲ್ಲಿ ಬಾಗಿಲ ಹತ್ತಿರ ಒಬ್ಬ ಹುಡುಗಿ ಬಂದು ನಿಂತಳು. ಎರಡು ಜಡೆ, ಎದೆಗವುಚಿದ ಪುಸ್ತಕ, ಅತ್ತು ಕೆಂಪಾದ ಕಣ್ಣು. ಪ್ರಾಂಶುಪಾಲರೇ ಮೆತ್ತಗಾಗಿ "ಏನಮ್ಮಾ?" ಅಂದರು.

"ಸರ್, ನನ್ ಮೇಲೆ ಶಿಸ್ತುಕ್ರಮ ತಗೋಬ್ಯಾಡ್ರಿ. ನಾನು ದಿನಾ ತಪ್ಪದೇ ಬರ್ತೀನ್ರಿ, ಹಂಗಾಗಿ ನನಗೆ ಪ್ರಾಕ್ಸಿ ಹಾಕೋರು ಯಾರೂ ಇಲ್ರಿ. ಕಾಲೇಜಿನ ಕಡೆಯಿಂದಾನೇ ಒಬ್ರನ್ನ ಕೊಡ್ತೀರೇನ್ರಿ?"