ಎಂಟರಿಂದ ಗುಣಿಸಿದ ಕುರ್ಚಿ

ಗ್ಲಾರುಸ್ ಕಣಿವೆಯ ಆ ಊರಿನಲ್ಲಿ, ಜಿಂಕೆ ಹೋಟೆಲಿನ ಒಲೆಯ ಪಕ್ಕದ ಇಸ್ಪೀಟು ಮೇಜಿಗೆ ನಾಲ್ಕೇ ಕುರ್ಚಿಗಳು. ಮುದುಕ ಮಾಥಿಸ್ ಬೇರೆ ಊರಿಗೆ ಹೊರಟುಹೋದದ್ದರಿಂದ ಅವುಗಳಲ್ಲೊಂದು ಖಾಲಿಯಾಯಿತು. ವರ್ಷಗಟ್ಟಲೆ ಅದರ ಹಿಂದೆ ನಿಂತು, ಕೊಕ್ಕರೆಯಂತೆ ಕತ್ತು ಚಾಚಿ ಆಟ ನೋಡಿದ್ದ ಅಂಚೆಯವ ಫ್ರಿಡೋಲಿನ್‌ನ ಸಂಕಟ ಆರಂಭವಾದದ್ದು ಅಲ್ಲಿಂದಲೇ.

ಅಲ್ಲಿ ಇಬ್ಬಿಬ್ಬರು ಜೋಡಿಯಾಗಿ ಆಡುವ ಯಾಸ್ ಎಂಬ ಇಸ್ಪೀಟಾಟದಲ್ಲಿ ಪ್ರತಿ ಸುತ್ತಿಗೂ ಒಂದು ಗುಣಕ. ಗಳಿಸಿದ ಅಂಕವನ್ನು ಅದರಿಂದ ಗುಣಿಸಿ ಹಲಗೆಯ ಮೇಲೆ ಬರೆಯಬೇಕು. ಮಾಥಿಸ್ ಬಾಯಲ್ಲೇ ಗುಣಿಸುತ್ತಿದ್ದ. ಆದ್ದರಿಂದ ಕುರ್ಚಿ ಸಲ್ಲುವುದು ತಲೆಗೇ ಹೊರತು ಕೈಗಲ್ಲ ಎಂದು ತರ್ಕಿಸಿದ ಫ್ರಿಡೋಲಿನ್, ಚಳಿಗಾಲವಿಡೀ ಗುಣಾಕಾರದ ಒಳದಾರಿಗಳನ್ನು ಕಲಿತ. ಅವನ ಪ್ರತಿಸ್ಪರ್ಧಿ ಸುಣ್ಣ ಬಳಿಯುವ ಕಾಸ್ಪರ್. ಕೈಬೆರಳು ಮುಗಿದರೆ ಬೂಟು ಬಿಚ್ಚುವ ಗಣಿತಜ್ಞ. ಶನಿವಾರ ಸಂಜೆ ಇಬ್ಬರಿಗೂ ಪಂದ್ಯ, ಗೆದ್ದವನಿಗೆ ಕುರ್ಚಿ.

ಅಂದು ಬೆಳಿಗ್ಗೆ, ಅದೇ ಮೇಜಿನ ಆಟಗಾರ್ತಿ ಬೇಕರಿಯ ವೆರೇನಾ, ತಟ್ಟೆಗೆ ಅರವತ್ತಮೂರರಂತೆ ಹನ್ನೊಂದು ತಟ್ಟೆ ಬನ್ನುಗಳ ಮುಂದೆ ಗೊಣಗುತ್ತಿದ್ದಳು.

"ಆರ್ನೂರ ತೊಂಬತ್ಮೂರು!" ಎಂದ ಫ್ರಿಡೋಲಿನ್. "ಆರಕ್ಕೂ ಮೂರಕ್ಕೂ ನಡುವೆ ಅವೆರಡರ ಮೊತ್ತ ಒಂಬತ್ತನ್ನ ತುರುಕಿದ್ರೆ ಮುಗೀತು!"

"ಅಯ್ಯಯ್ಯೋ! ಸಂಜೆ ನೀನು ನನ್ನ ಜೋಡಿ ತಾನೆ? ಕುರ್ಚಿ ನಮ್ದೇ ಬಿಡು!"

ಸುದ್ದಿ ಅಂಚೆಗಿಂತ ಮೊದಲೇ ಮನೆಮನೆ ತಲುಪಿತು. ಚೀಸ್ ತಯಾರಿಸುವ ಬಾಲ್ಟ್ಸ್ ಆ ಮೇಜಿನ ಯಜಮಾನ. ಅವನು ದಾರಿಗೆ ಅಡ್ಡ ನಿಂತ.

"ತೊಂಬತ್ತೇಳು ತೊಂಬತ್ತಾರ್ಲಿ ಎಷ್ಟಯ್ಯಾ?"

"ನೂರಕ್ಕೆ ಒಂದು ಮೂರು ಕಮ್ಮಿ, ಇನ್ನೊಂದು ನಾಲ್ಕು ಕಮ್ಮಿ. ತೊಂಬತ್ತೇಳರಲ್ಲಿ ನಾಲ್ಕು ಕಳೆದ್ರೆ ತೊಂಬತ್ಮೂರು, ಮೂರ್ನಾಲ್ಕ್ಲಿ ಹನ್ನೆರಡು. ಒಂಬತ್ತು ಸಾವಿರದ ಮುನ್ನೂರ ಹನ್ನೆರಡು!"

ಬಾಲ್ಟ್ಸ್ ಗೋಡೆಯ ಮೇಲೆ ಮೂರು ಸಲ ಗುಣಿಸಿ ಮೂರು ಬೇರೆ ಉತ್ತರ ಪಡೆದ. ನಾಲ್ಕನೆಯದು ಫ್ರಿಡೋಲಿನ್‌ನದಕ್ಕೆ ಸರಿಹೊಂದಿತು.

ಆಮೇಲೆ ತಡೆಯುವವರು ಯಾರು? ನಲವತ್ತಮೂರು ಮತ್ತು ನಲವತ್ತೇಳನೆಯ ಮನೆಗಳ ಟಪಾಲು ಕೈಗೆ ಬಂದಾಗ ಅವನ್ನು ಗುಣಿಸದೆ ಇರಲು ಅವನಿಂದಾಗಲಿಲ್ಲ. ಎರಡು ಸಾವಿರದ ಇಪ್ಪತ್ತೊಂದು! ಆ ಉಲ್ಲಾಸದಲ್ಲಿ ಪಾದ್ರಿಗಳ ಕಾಗದ ದಂತವೈದ್ಯರಿಗೆ ಹೋಯಿತು. ದಂತವೈದ್ಯರು ತರಿಸಿದ್ದ ಹಲ್ಲಿನ ಸೆಟ್ಟು ಪಾದ್ರಿಗಳಿಗೆ.

"ಫ್ರಿಡೋಲಿನ್, ನನ್ನ ಹಲ್ಲು ಇನ್ನೂ ಗಟ್ಟಿಯಾಗಿದೆ ಕಣಪ್ಪಾ!" ಎಂದು ಪಾದ್ರಿಗಳು ಕಿಟಕಿಯಿಂದ ಕೂಗಿದರು.

ಸಂಜೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಡತಿ ಉರ್ಸುಲಾ ಆ ಪಂದ್ಯದ ಮಟ್ಟಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ಬಿಯರ್ ಹಂಚುತ್ತಿದ್ದಳು. ಒಂದು ಕಡೆ ವೆರೇನಾ, ಫ್ರಿಡೋಲಿನ್. ಇನ್ನೊಂದು ಕಡೆ ಬಾಲ್ಟ್ಸ್, ಕಾಸ್ಪರ್. ಸೀಮೆಸುಣ್ಣ ಬಾಲ್ಟ್ಸ್‌ನ ಕೈಯಲ್ಲಿತ್ತು. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಎದುರಾಳಿಗಳು ಒಂಬೈನೂರ ಐವತ್ತು ಅಂಕ ಮುಂದಿದ್ದರು. ಉಳಿದಿದ್ದದ್ದು ಫ್ರಿಡೋಲಿನ್ ಜೋಡಿಯ ಸರದಿಯೊಂದೇ, ಗುಣಕ ಎಂಟು. ಫ್ರಿಡೋಲಿನ್ ಬೆವರುತ್ತ ಎಲೆ ಇಳಿಸಿದ. ಅವನ ಜೋಡಿಗೆ ನೂರ ಹದಿನೇಳು ಅಂಕ ಬಂತು.

ಬಾಲ್ಟ್ಸ್ ನಾಲಿಗೆಯ ತುದಿ ಕಚ್ಚಿಕೊಂಡು ಗುಣಿಸಿದ. ಹಲಗೆಯ ಮೇಲೆ ಬರೆದ: ಒಂಬೈನೂರ ಎಂಬತ್ತಾರು.

"ಛೇ, ಸೋತ್ವಿ ಕಣೋ ಕಾಸ್ಪರ್," ಎಂದು ನಿಟ್ಟುಸಿರುಬಿಟ್ಟ.

ಹೋಟೆಲೇ ಚಪ್ಪಾಳೆಯಾಯಿತು. ಫ್ರಿಡೋಲಿನ್ ಬಾಯಿ ತೆರೆದದ್ದನ್ನು ಕಂಡು ವೆರೇನಾ ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದಳು. ತಡವಾಗಿತ್ತು.

"ತಪ್ಪು!" ಎಂದು ಅವನು ಹರ್ಷದಿಂದ ಎದ್ದು ನಿಂತ. "ನೂರು ಎಂಟ್ಲಿ ಎಂಟ್ನೂರು, ಹದಿನೇಳೆಂಟ್ಲಿ ನೂರ ಮೂವತ್ತಾರು. ಒಂಬೈನೂರ ಮೂವತ್ತಾರು!"

ಅದೇ ಉಸಿರಿನಲ್ಲಿ ಫ್ರಿಡೋಲಿನ್ ಕಳೆಯುವ ಲೆಕ್ಕವನ್ನೂ ಮಾಡಿದ. ಹದಿನಾಲ್ಕು ಅಂಕಗಳ ಸೋಲು.

"ಕತ್ತೆ! ತುಳಿದಿದ್ದು ಯಾಕಂದ್ಕೊಂಡೆ, ಪ್ರೀತಿಗಾ?" ಎಂದಳು ವೆರೇನಾ.

ಕಾಸ್ಪರ್ ಮಾಥಿಸ್‌ನ ಕುರ್ಚಿಯಲ್ಲಿ ಹಾಯಾಗಿ ಒರಗಿದ. ಬಾಲ್ಟ್ಸ್ ಎದ್ದು ಬಂದು ಫ್ರಿಡೋಲಿನ್‌ನನ್ನು ಅಪ್ಪಿಕೊಂಡ. ಅವನ ಕಣ್ಣು ತುಂಬಿತ್ತು.

"ತನ್ನ ಸೋಲನ್ನೇ ಸರಿಯಾಗಿ ಗುಣಿಸೋ ಮನುಷ್ಯ ಇನ್ನೆಲ್ಲಿ ಸಿಗ್ತಾನೆ? ಇಂಥವನನ್ನ ಆಟಕ್ಕೆ ಕೂರ್ಸಿ ಹಾಳು ಮಾಡ್ಬಾರ್ದು. ಉರ್ಸುಲಾ, ಅಡುಗೆಮನೆ ಸ್ಟೂಲ್ ತಾಮ್ಮಾ! ಇನ್ಮೇಲೆ ಸಾಯೋವರೆಗೂ ಹಲಗೆ ಇವನದೇ!"

ಸ್ಟೂಲು ಬಂತು. ಅದನ್ನು ಇರಿಸಿದ್ದು ಅದೇ ಕುರ್ಚಿಯ ಹಿಂದೆ, ಅವನು ಅಷ್ಟು ವರ್ಷ ನಿಂತಿದ್ದ ಜಾಗದಲ್ಲೇ. ಉರ್ಸುಲಾ ತನ್ನ ಕುರ್ಚಿಗೆ ಮರಳಿದಳು. ಹೊಸ ಆಟದ ಮೊದಲ ಸುತ್ತನ್ನು ಗೆದ್ದ ಕಾಸ್ಪರ್ ತಿರುಗಿ ಕೇಳಿದ:

"ನೂರ ನಾಲ್ಕು ಒಂಬತ್ಲಿ ಎಷ್ಟಪ್ಪಾ, ಲೆಕ್ಕದ ಮೇಷ್ಟ್ರೇ?"

ಫ್ರಿಡೋಲಿನ್ ಹಲ್ಲು ಕಚ್ಚಿದ, ತುಟಿ ಬಿಗಿದ, ಕಣ್ಣು ಮುಚ್ಚಿದ. ಆದರೂ ಬಾಯಿ ತಾನಾಗಿಯೇ ಕೂಗಿತು:

"ಒಂಬೈನೂರ ಮೂವತ್ತಾರು!"